ದಾಯಾದಿಗಳ ಕಾಡಿಗೆ ಹೊರಟ ಅಣ್ಣನ ಬೆನ್ನು

ಹೆಬ್ಬಗೋಡಿ

ನನ್ನ ಅನ್ನ ಬೇರೆಯವರ ಬೆನ್ನಿನಿಂದ ಬರುತ್ತದೆ. ಹೆಬ್ಬಗೋಡಿಯಲ್ಲಿ, ಹೊಸೂರು ರಸ್ತೆಯ ಬಸ್ಸುಗಳ ಹಾರನ್ ಕೇಳಿಸುವಷ್ಟು ಹತ್ತಿರ, ಒಂದು ಬೇಕರಿಯ ಮೇಲೆ ನನ್ನ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಬೆಳಗ್ಗೆ ಫ್ಯಾಕ್ಟರಿಯಲ್ಲಿ ನಿಂತು ನಿಂತು ಸವೆದ ಮೊಣಕಾಲುಗಳು ಬರುತ್ತವೆ. ಸಂಜೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಕೂತು ಹಿಡಿದುಕೊಂಡ ಸೊಂಟಗಳು ಬರುತ್ತವೆ. ನಿಂತವರಿಗೆ ಕೂತ್ಕೊಳ್ಳಿ ಎನ್ನುತ್ತೇನೆ, ಕೂತವರಿಗೆ ಎದ್ದೇಳಿ ಎನ್ನುತ್ತೇನೆ. ಇಬ್ಬರೂ ತಲೆಯಾಡಿಸುತ್ತಾರೆ, ಇಬ್ಬರೂ ಮಾಡುವುದಿಲ್ಲ. ಮುಂದಿನ ವಾರ ಮತ್ತೆ ಬರುತ್ತಾರೆ.

ಮಾತು ಕೇಳದವರಲ್ಲಿ ಮೊದಲ ಸ್ಥಾನ ನನ್ನ ಅಣ್ಣನದು. ಅಪ್ಪ ರಾಗಿ, ಹುರುಳಿ ಬೆಳೆಯುತ್ತಿದ್ದ ಜಾಗದಲ್ಲಿ ಮುನಿರಾಜಣ್ಣ ಬಾಡಿಗೆ ಮನೆಗಳನ್ನು ಕಟ್ಟಿಸಿದ. ಒಂದು ಮಹಡಿಗೆ ಅಂತ ಹಾಕಿದ ಪಾಯ. ಅದರ ಮೇಲೆ ಇನ್ನೊಂದು ಮಹಡಿ, ಅದರ ಮೇಲೆ ಮತ್ತೊಂದು, ಕೊನೆಗೆ ನೀರಿನ ಟ್ಯಾಂಕಿನ ಪಕ್ಕದಲ್ಲೂ ಒಂದು ರೂಮು. ಮನುಷ್ಯನ ಬೆನ್ನೂ ಹೀಗೇ ಎಂದು ನಾನು ರೋಗಿಗಳಿಗೆ ಹೇಳುವುದುಂಟು. ಪಾಯ ಹಾಕಿದ್ದು ನಾಲ್ಕು ಕಾಲಿನ ಪ್ರಾಣಿಗೆ. ಆಮೇಲೆ ಯಾವುದೋ ಕಾಲದಲ್ಲಿ ನಮ್ಮ ಪೂರ್ವಜರು ಎದ್ದು ನಿಂತು ಅದೇ ಪಾಯದ ಮೇಲೆ ಮಹಡಿ ಏರಿಸಿಬಿಟ್ಟರು. ಭಾರವೆಲ್ಲ ಬುಡದ ಮೂಳೆಗಳ ಮೇಲೆ ಬಿತ್ತು. ಅಣ್ಣನ ಕಟ್ಟಡ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಬಿರುಕು ಬಿಟ್ಟಿದ್ದು ಅಣ್ಣನ ಬೆನ್ನು.

ಡಿಸ್ಕಿನ ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರು ನಡೆಯಿರಿ ಎಂದರು, ನಾನೂ ನಡೆ ಎಂದೆ. ಅಣ್ಣ ಮಾತ್ರ ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತವನು ಏಳಲೇ ಇಲ್ಲ. ಒಂದು ಕಾಲಕ್ಕೆ ಆನೇಕಲ್ ತಾಲ್ಲೂಕಿಗೆಲ್ಲ ಹೆಸರಾದ ಕಬಡ್ಡಿ ಆಟಗಾರ, ಈಗ ಸೀನು ಬಂದರೂ ಗೋಡೆ ಹಿಡಿದು ಸೀನುತ್ತಿದ್ದ. "ಒಳಗೆ ಏನೋ ಕಳಚ್ಕೊಂಡ್ಬಿಡ್ತದೆ ಕಣಮ್ಮಿ, ನಿಂಗ್ ಗೊತ್ತಾಗಕಿಲ್ಲ" ಎನ್ನುತ್ತಿದ್ದ. ಹಗಲೆಲ್ಲ ಮೊಬೈಲಿನಲ್ಲಿ ಪ್ರಾಣಿಗಳ ವಿಡಿಯೋ ನೋಡುವುದೇ ಕೆಲಸ. ಅದರಲ್ಲೂ ಚಿಂಪಾಂಜಿ ಎಂದರೆ ಪ್ರಾಣ.

"ನೋಡಮ್ಮಿ, ಈ ನನ್ ಮಗ ಒಂದೇ ಕೈಯಾಗ್ ಎಂಗ್ ಮರ ಅತ್ತಾನೆ! ನಾವೂ ಇದೀವಿ, ಗೇಟ್ ತೆಗಿಯಕ್ಕೂ ವಾಚ್‌ಮನ್ ಬೇಕು" ಎಂದ ಒಂದು ದಿನ.

"ನಿಜವಾಗ್ಲೂ ನೋಡ್ಬೇಕಾ ಅಣ್ಣ? ಕಾಡಿಗೇ ಹೋಗಿ?" ಎಂದೆ.

ಅವನ ಕಣ್ಣಿನಲ್ಲಿ ಬಹಳ ದಿನಗಳ ಮೇಲೆ ಬೆಳಕು ಕಂಡಿತು. ನಾನು ತಕ್ಷಣ ಷರತ್ತು ಹಾಕಿದೆ: ದಿನಾ ಕೆರೆ ಸುತ್ತಬೇಕು. ಸುತ್ತಿದ. ಆದರೆ ಅರ್ಧ ಸುತ್ತಿ, ಬಾಡಿಗೆಯವರ ಆಟೋದಲ್ಲಿ ವಾಪಸು ಬರುತ್ತಿದ್ದ ಎಂಬುದು ನನಗೆ ತಿಳಿದದ್ದು ಟಿಕೆಟ್ ಆದಮೇಲೆ. ಅತ್ತಿಗೆಯನ್ನು ಕರೆದರೆ ಬರಲಿಲ್ಲ. "ಕೋತಿ ನೋಡಕ್ಕೆ ಇಮಾನ ಯಾಕೆ? ಸಂಡಿಗೆ ಒಣಗಾಕಿದೀನಿ, ಮಾಳಿಗೆ ಮೇಲೋದ್ರೆ ಅವೇ ಬತ್ತವೆ" ಎಂದರು.

ಹೀಗೆ ಅಣ್ಣ, ತಂಗಿ ಉಗಾಂಡಾಕ್ಕೆ ಹೊರಟೆವು.

ಆಡಿಸ್ ಅಬಾಬಾ

ವಿಮಾನ ಬದಲಿಸಬೇಕಾದ ಈ ನಿಲ್ದಾಣದಲ್ಲಿ ಅಣ್ಣ ನನಗೆ ಹೇಳದೆಯೇ ಗಾಲಿಕುರ್ಚಿ ತರಿಸಿಕೊಂಡಿದ್ದ. ಬಾಗಿಲಲ್ಲೇ ಎತ್ತರದ ಯುವತಿಯೊಬ್ಬಳು ಅವನ ಹೆಸರಿನ ಚೀಟಿ ಹಿಡಿದು ನಿಂತಿದ್ದಳು. ಅವಳು ಕುರ್ಚಿ ತಳ್ಳಿಕೊಂಡು ಸರಸರ ನಡೆದಳು. ಸಾಲುಗಳೆಲ್ಲ ದಾರಿ ಬಿಟ್ಟವು. ಅಣ್ಣ ಎರಡೂ ಕಡೆಗೆ ಕೈ ಎತ್ತುತ್ತ, ಉತ್ಸವಮೂರ್ತಿಯ ಹಾಗೆ ಹೋದ. ನಾನು ಎರಡು ಬ್ಯಾಗು, ಅವನ ಸೊಂಟದ ಬೆಲ್ಟು ಮತ್ತು ಅತ್ತಿಗೆ ಕೊಟ್ಟ ಚಟ್ನಿಪುಡಿ ಡಬ್ಬ ಹೊತ್ತುಕೊಂಡು ಏದುಸಿರು ಬಿಡುತ್ತ ಹಿಂದೆ ಓಡಿದೆ.

"ಬಾಸ್‌ಗೆ ತುಂಬಾ ನೋವಾ?" ಎಂದು ಆ ಯುವತಿ ನನ್ನನ್ನು ಕೇಳಿದಳು.

"ನೋವಿಲ್ಲ, ಭಯ" ಎಂದೆ. ಅವಳು ನನ್ನ ಇಂಗ್ಲಿಷ್ ಅರ್ಥವಾಗದೆಯೋ, ಅರ್ಥವಾದದ್ದರಿಂದಲೋ, ಕುರ್ಚಿಯನ್ನು ಇನ್ನೂ ಮೆಲ್ಲಗೆ ತಳ್ಳತೊಡಗಿದಳು.

ಎಂಟೆಬ್ಬೆಯಿಂದ ಪಶ್ಚಿಮಕ್ಕೆ

ಉಗಾಂಡಾದ ಮಣ್ಣು ಕೆಂಪು. ಎಂಟೆಬ್ಬೆ ವಿಮಾನ ನಿಲ್ದಾಣದಿಂದ ಹೊರಬಿದ್ದ ಮೊದಲ ನೋಟಕ್ಕೇ ಅಣ್ಣ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ, "ನಮ್ ಮಣ್ಣೇ ಕಣಮ್ಮಿ! ಇಲ್ಲಿ ರಾಗಿ ಬತ್ತದೆ" ಎಂದ. ಬರುತ್ತದಂತೆ. ನಮ್ಮ ಚಾಲಕ ಮೋಸೆಸ್ ತಾನು ರಾಗಿಯ ಅಂಬಲಿ ಕುಡಿದೇ ಬೆಳೆದವನು ಎಂದು ಹೇಳಿದಾಗ ಅಣ್ಣ ಅವನ ಬೆನ್ನು ತಟ್ಟಿ, ಅಲ್ಲಿಂದ ಮುಂದೆ ಅವನ ಜೊತೆ ಪೂರ್ತಿ ಕನ್ನಡದಲ್ಲೇ ಮಾತಾಡಿದ. ಮೋಸೆಸ್ ತನ್ನ ಭಾಷೆಯಲ್ಲಿ ಉತ್ತರ ಕೊಟ್ಟ. ಇಬ್ಬರಿಗೂ ಏನೂ ತೊಂದರೆ ಆಗಲಿಲ್ಲ.

ಕಂಪಾಲಾದ ಟ್ರಾಫಿಕ್ ಜಾಮ್ ನೋಡಿದಾಗ ನನಗೆ ಮನೆಗೆ ಬಂದಷ್ಟು ಸಂತೋಷವಾಯಿತು. ಊರು ದಾಟಿದ ಮೇಲೆ ರಸ್ತೆ ಬದಿಯಲ್ಲಿ ಮೋಸೆಸ್ ಕಾರು ನಿಲ್ಲಿಸಿ, "ರೋಲೆಕ್ಸ್ ಬೇಕಾ?" ಎಂದ.

ಅಣ್ಣ ನನ್ನ ಕಿವಿಯಲ್ಲಿ, "ಬ್ಯಾಡ ಅನ್ನು. ಡೂಪ್ಲಿಕೇಟ್ ಇರ್ತವೆ" ಎಂದ.

ಬಂದದ್ದು ಕೈಗಡಿಯಾರವಲ್ಲ. ಬಿಸಿ ಚಪಾತಿಯೊಳಗೆ ಆಮ್ಲೆಟ್ ಸುತ್ತಿದ ಸುರುಳಿ. ಅಲ್ಲಿ ಅದರ ಹೆಸರೇ ಹಾಗೆ. ಅಣ್ಣ ಚಟ್ನಿಪುಡಿ ಉದುರಿಸಿಕೊಂಡು ಒಂದು ತಿಂದ, ಡೂಪ್ಲಿಕೇಟ್ ಅಲ್ಲ ಎಂದು ಖಾತರಿ ಮಾಡಿಕೊಳ್ಳಲು ಇನ್ನೊಂದು ತಿಂದ.

ಕಾರಿನಿಂದ ಇಳಿದು ಅವನು ರೋಲೆಕ್ಸ್ ಮಾರುವ ತಳ್ಳುಗಾಡಿಯವರೆಗೆ ನಡೆದದ್ದು ನಾಲ್ಕು ಹೆಜ್ಜೆ ಇರಬಹುದು. ಅಲ್ಲಿ ಕೂತಿದ್ದ ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿ, "ವೆಲ್ ಡನ್, ಸಾರ್" ಎಂದಳು. ಅಣ್ಣ ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗಾದರೂ ಹೇಳಿದಳೋ ಎಂದು. ಮೋಸೆಸ್ ನಕ್ಕು ಬಿಡಿಸಿ ಹೇಳಿದ: ಅದು ಅವರ ನಮಸ್ಕಾರ. ಎದುರಿಗೆ ಸಿಕ್ಕವರು ಏನೋ ಕೆಲಸ ಮಾಡಿಕೊಂಡೇ ಬಂದಿರುತ್ತಾರೆ, ಬದುಕಿಕೊಂಡಾದರೂ ಬಂದಿರುತ್ತಾರೆ. ಆದ್ದರಿಂದ ಶಹಬ್ಬಾಸ್ ಎನ್ನುವುದು.

ಅಣ್ಣನಿಗೆ ಇದು ಬಹಳ ಹಿಡಿಸಿತು. ಮುಂದಿನ ಊರಿನಲ್ಲಿ ಕಾಲಿಗೆ ಜೋಮು ಹಿಡಿದಿದೆ ಎಂದು ಇಳಿದು ಅಂಗಡಿ ಸಾಲಿನ ಕೊನೆಯವರೆಗೂ ಹೋಗಿ ಬಂದ. ಏಳೆಂಟು ಜನ ಶಹಬ್ಬಾಸ್ ಎಂದಿರಬೇಕು. ಮುಖ ಅರಳಿತ್ತು. ನಾನು ಒಂದು ವರ್ಷದಿಂದ ಅವನಿಗೆ ವ್ಯಾಯಾಮದ ಚಿತ್ರ ತೋರಿಸಿದ್ದೆ, ಬೈದಿದ್ದೆ, ಅತ್ತಿದ್ದೆ. ಶಹಬ್ಬಾಸ್ ಎಂದಿದ್ದೆನೇ? ನೆನಪಾಗಲಿಲ್ಲ.

ಕಾಡಿನ ಅಂಚು

ನಮ್ಮನ್ನೂ ಇನ್ನು ಮೂರ್ನಾಲ್ಕು ಪ್ರವಾಸಿಗರನ್ನೂ ಕಾಡಿಗೆ ಕರೆದೊಯ್ಯಬೇಕಾದ ರೇಂಜರ್ ಹೆಸರು ಪೇಷನ್ಸ್. ಗಟ್ಟಿ ಮೈಕಟ್ಟಿನ, ಸಣ್ಣ ದನಿಯ ಹೆಂಗಸು. ಅಣ್ಣ ಕೊನೆಯವರೆಗೂ ಅವಳನ್ನು ಪೇಷೆಂಟ್ ಮೇಡಂ ಎಂದೇ ಕರೆದ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅವನಿಗೆ ಕನ್ನಡ ಮಾಡುತ್ತಿದ್ದೆ.

"ಚಿಂಪಾಂಜಿಗಳು ನಿಮ್ಮ ಅಜ್ಜಂದಿರಲ್ಲ, ಅದನ್ನು ಮೊದಲು ತಲೆಯಿಂದ ತೆಗೆದುಹಾಕಿ" ಎಂದು ಶುರುಮಾಡಿದಳು ಪೇಷನ್ಸ್. "ಬಹಳ ಹಿಂದೆ ಅವರಿಗೂ ನಮಗೂ ಒಬ್ಬರೇ ಪೂರ್ವಜರು. ಆಮೇಲೆ ಎರಡು ಕವಲು."

"ದಾಯಾದಿಗಳು ಅನ್ನು" ಎಂದ ಅಣ್ಣ. ಅವನಿಗೆ ಇಂಥ ವಿಷಯ ಚೆನ್ನಾಗಿ ಗೊತ್ತು. "ಸರಿ, ಆಸ್ತಿ ಎಂಗ್ ಭಾಗ ಆಯ್ತು? ಅದ್ ಕೇಳು."

ಕೇಳಿದೆ. ಪೇಷನ್ಸ್ ತನ್ನ ತೋಳನ್ನೇ ಎತ್ತಿ ತೋರಿಸಿದಳು. ಅವರ ಪಾಲಿಗೆ ಉದ್ದನೆಯ ತೋಳು, ಮೇಲ್ಮುಖವಾದ ಭುಜ, ಕೊಂಬೆ ಹಿಡಿದರೆ ಬಿಡದ ಬೆರಳು, ಕಾಲಿನಲ್ಲೂ ಇನ್ನೊಂದು ಜೊತೆ ಕೈ. ನಮ್ಮಷ್ಟೇ ತೂಕದ ಚಿಂಪಾಂಜಿ ನಮಗಿಂತ ಬಲಶಾಲಿ. ನಮ್ಮ ಪಾಲಿಗೆ ಉದ್ದನೆಯ ಕಾಲು, ಕಮಾನಿನ ಪಾದ, ಹಿಮ್ಮಡಿಯ ಮೇಲೆ ಸ್ಪ್ರಿಂಗಿನಂಥ ಸ್ನಾಯುರಜ್ಜು, ಮೈತುಂಬ ಬೆವರು.

"ಬೆವ್ರಾ!" ಅಣ್ಣನಿಗೆ ತಡೆಯಲಾಗಲಿಲ್ಲ. "ಅವ್ರಿಗ್ ತೋಳು, ನಮಗ್ ಬೆವ್ರು? ಮೋಸ ಆಗೈತೆ ಕಣಮ್ಮಿ. ಕೋರ್ಟಿಗ್ ಹಾಕ್ಬೇಕಾಗಿತ್ತು."

ಬೆವರು ಸಣ್ಣ ಆಸ್ತಿಯಲ್ಲ ಎಂದು ನಾನು ತಿಳಿಸಿ ಹೇಳಿದೆ. ಬಿಸಿಲಿನಲ್ಲಿ ದೂರ ನಡೆಯುವಾಗ, ಓಡುವಾಗ, ಬೇರೆ ಪ್ರಾಣಿ ಮೈ ಕಾದು ನೆರಳು ಹುಡುಕುತ್ತದೆ. ಮನುಷ್ಯ ಬೆವರು ಸುರಿಸಿ ಮೈ ತಂಪು ಮಾಡಿಕೊಂಡು ಹೋಗುತ್ತಲೇ ಇರುತ್ತಾನೆ. ಜೋರಾಗಿ ಅಲ್ಲ, ಬಹಳ ದೂರ.

"ಅಂದ್ರೆ ನಮ್ ಪಾಲಿಗೆ ಬಂದಿದ್ದು ರಸ್ತೆ ಸೈಡ್ ಜಾಗ ಅನ್ನು" ಎಂದ ಅಣ್ಣ ಯೋಚಿಸುತ್ತ. "ಬೆಳೆ ಬರಲ್ಲ, ಆದ್ರೆ ಬೆಲೆ ಐತೆ."

ಹೊರಡುವ ಮುಂಚೆ ಅವನು ಗಂಭೀರನಾಗಿ ಒಂದು ಪ್ರಶ್ನೆ ಕೇಳಿಸಿದ: ಮಧ್ಯದಲ್ಲಿ ಬೆನ್ನು ಕೈಕೊಟ್ಟರೆ ಏನು ಗತಿ?

"ಹೆಲಿಕಾಪ್ಟರ್ ಇದೆ. ನಾನು ವೈರ್‌ಲೆಸ್‌ನಲ್ಲಿ ಹೇಳಿದರೆ ಬರುತ್ತೆ" ಎಂದಳು ಪೇಷನ್ಸ್.

ಅಣ್ಣ ಸೊಂಟದ ಬೆಲ್ಟ್ ಬಿಗಿದುಕೊಂಡು ಎಲ್ಲರಿಗಿಂತ ಮುಂದೆ ನಿಂತ.

ಕಾಡು

ಕಾಡಿನೊಳಗೆ ನೆಲ ಎನ್ನುವುದೇ ಇರಲಿಲ್ಲ. ಬೇರು, ಕೆಸರು, ಬಿದ್ದ ಮರಗಳಷ್ಟೇ. ದಾರಿಗೆ ಅಡ್ಡವಾಗಿ ಒಂದು ತೊರೆ. ಅದರ ಮೇಲೆ ಜಾರುವ ಒಂದು ದಿಮ್ಮಿ. ಅಲ್ಲಿಗೆ ಬಂದ ಅಣ್ಣ ಕಂಬದಂತೆ ನಿಂತುಬಿಟ್ಟ. ತಮಾಷೆ ಎಲ್ಲ ಇಳಿದುಹೋಗಿತ್ತು. ನನ್ನ ತೋಳು ಹಿಡಿದುಕೊಂಡ.

"ಆಪರೇಷನ್ ಆದ್ ದಿನ, ಎಚ್ಚರ ಆದಾಗ ಕಾಲಿರೋದೇ ಗೊತ್ತಾಗ್ಲಿಲ್ಲಮ್ಮಿ. ಸ್ವಲ್ಪ ಹೊತ್ತೇ. ಆದ್ರೆ ಆವಾಗಿಂದ ಒಂದೊಂದ್ ಹೆಜ್ಜೆ ಇಡೋವಾಗ್ಲೂ ಅದೇ ನೆಪ್ಪಾಯ್ತದೆ" ಎಂದ.

ನನಗೆ ಇದನ್ನು ಅವನು ಹೇಳಿರಲೇ ಇಲ್ಲ. ಅವನ ಬೆನ್ನಿನ ಎಲ್ಲ ಚಿತ್ರಗಳನ್ನೂ ನಾನು ಬೆಳಕಿಗೆ ಹಿಡಿದು ನೋಡಿದ್ದೆ. ಇದು ಅದರಲ್ಲಿ ಇರಲಿಲ್ಲ. ಅವನ ಕೈ ಗಟ್ಟಿಯಾಗಿ ಹಿಡಿದೆ. ಅಣ್ಣ ಒಮ್ಮೆ ಮೇಲೆ ಆಕಾಶದ ಕಡೆ ನೋಡಿದ. "ಎಲಿಕಾಪ್ಟ್ರು ಬರೋದು ಗ್ಯಾರಂಟಿ ತಾನೆ?" ಎಂದು ಕೇಳಿ, ದಿಮ್ಮಿಯ ಮೇಲೆ ಕಾಲಿಟ್ಟ. ದಾಟಿದ.

ಆಮೇಲೆ ಎಲ್ಲಿಂದಲೋ ಎದೆ ನಡುಗಿಸುವ ಕೂಗು ಎದ್ದಿತು. ಪೇಷನ್ಸ್ ನಮಗೆಲ್ಲ ಮಾಸ್ಕ್ ಹಾಕಿಸಿದಳು. ನಮ್ಮ ನೆಗಡಿ ಅವರಿಗೆ ಅಂಟಿದರೆ ಸಾಯಲೂಬಹುದಂತೆ. ಒಂದು ದೊಡ್ಡ ಅತ್ತಿಯ ಜಾತಿಯ ಮರದ ಕೆಳಗೆ ನಿಂತು ಕತ್ತೆತ್ತಿದೆವು. ಮೇಲೆ ದಾಯಾದಿಗಳ ಇಡೀ ಕುಟುಂಬ ಊಟಕ್ಕೆ ಕೂತಿತ್ತು. ಒಬ್ಬಳು ತಾಯಿ ಹೊಟ್ಟೆಗೆ ಮಗುವನ್ನು ಅಂಟಿಸಿಕೊಂಡು, ಒಂದೇ ಕೈಯಲ್ಲಿ ಜೋತುಬಿದ್ದು, ಇನ್ನೊಂದು ಕೈಯಲ್ಲಿ ಹಣ್ಣು ಕೀಳುತ್ತಿದ್ದಳು. ಆ ಭುಜ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ರೋಗಿಗಳು ಕಪಾಟಿನ ಮೇಲಿಂದ ಸಕ್ಕರೆ ಡಬ್ಬ ಇಳಿಸಲು ಹೋಗಿ ಭುಜ ಹಿಡಿದುಕೊಂಡು ಬರುತ್ತಾರೆ.

ಬಾಯಿ ತೆರೆದು ನೋಡುತ್ತಿದ್ದ ಅಣ್ಣನ ತಲೆಯ ಮೇಲೆ ಮೇಲಿನಿಂದ ಬೆಚ್ಚಗೆ ಏನೋ ಸುರಿಯಿತು. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು.

"ಸಾರಿ, ಸಾರಿ" ಎಂದಳು ಪೇಷನ್ಸ್, ತಾನೇ ಮಾಡಿದಂತೆ.

"ಇರ್ಲಿ ಬಿಡಿ ಪೇಷೆಂಟ್ ಮೇಡಂ, ತೀರ್ಥ" ಎಂದು ಅಣ್ಣ ತಲೆ ಒರೆಸಿಕೊಂಡ.

ಅಷ್ಟರಲ್ಲಿ ಒಂದು ಗಂಡು ನೆಲಕ್ಕಿಳಿದು, ಬೆರಳ ಗೆಣ್ಣುಗಳನ್ನು ನೆಲಕ್ಕೂರಿ ನಮ್ಮ ಮುಂದೆಯೇ ಹಾದುಹೋಯಿತು. ಅಣ್ಣ ಹಿಂದಿನಿಂದ ದಿಟ್ಟಿಸಿ ನೋಡಿ ಪಿಸುಗುಟ್ಟಿದ: "ಅಮ್ಮಿ, ಇವ್ನಿಗ್ ಕುಂಡಿನೇ ಇಲ್ವಲ್ಲ!"

ನಿಜ. ಇಷ್ಟು ದೊಡ್ಡ ಪಿರ್ರೆ ಇರುವುದು ಮನುಷ್ಯನಿಗೆ ಮಾತ್ರ. ಓಡುವಾಗ, ಬೆಟ್ಟ ಹತ್ತುವಾಗ ಮೈ ಮುಂದಕ್ಕೆ ಮುಗ್ಗರಿಸದಂತೆ ಹಿಡಿದುಕೊಳ್ಳಲು ಬೆಳೆದ ಸ್ನಾಯು ಅದು ಎಂದೆ. ಅಣ್ಣ ಬೆರಗಾಗಿ ತನ್ನದನ್ನು ಮುಟ್ಟಿ ನೋಡಿಕೊಂಡ. "ಓಡಕ್ ಕೊಟ್ಟಿದ್ದಾ? ನಾವ್ ಕೂರಕ್ಕೆ ಅಂದ್ಕೊಂಡಿದ್ವಿ!" ಎಲೆಕ್ಟ್ರಾನಿಕ್ ಸಿಟಿಯವರೆಲ್ಲ ಹಾಗೆಯೇ ಅಂದುಕೊಂಡಿದ್ದಾರೆ.

ಆ ಗಂಡು ಇನ್ನೊಂದು ಮರದ ಬುಡಕ್ಕೆ ಹೋಗಿ ನಿಂತಾಗ ನಮಗೆ ಅದರ ಎಡಗೈ ಕಂಡಿತು. ಮಣಿಕಟ್ಟಿನಿಂದ ಕೆಳಗೆ ಒಣಗಿದ ಬೇರಿನಂತೆ ಸೊಟ್ಟಗೆ ಮುದುಡಿತ್ತು. ಹಂದಿಗೆಂದು ಯಾರೋ ಒಡ್ಡಿದ ತಂತಿಯ ಉರುಳಿಗೆ ಎಳೆಯದಾಗಿದ್ದಾಗ ಸಿಕ್ಕಿಕೊಂಡಿತ್ತಂತೆ. ಅದು ಬಲಗೈ ಮತ್ತು ಎರಡು ಪಾದಗಳಿಂದ ಕಾಂಡ ಹಿಡಿದು, ಸೊಟ್ಟಗೈಯನ್ನು ಕೊಕ್ಕೆಯ ಹಾಗೆ ಸಿಕ್ಕಿಸುತ್ತ, ನಿಧಾನವಾಗಿ ಮೇಲೇರಿತು. ಉಳಿದವರಿಗಿಂತ ತಡವಾಗಿ ಮುಟ್ಟಿತು. ಮುಟ್ಟಿ, ತಿನ್ನತೊಡಗಿತು.

ಅಣ್ಣ ಕತ್ತೆತ್ತಿ ಅದನ್ನೇ ನೋಡುತ್ತಿದ್ದ. ಆಮೇಲೆ, "ಇವ್ನಿಗ್ ಯಾರೂ ರೆಸ್ಟ್ ತಗೋ ಅಂದಂಗಿಲ್ಲ" ಎಂದ.

ಹೆಲಿಕಾಪ್ಟರ್

ವಾಪಸು ಬರುವಾಗ ಅಣ್ಣ ಮುಂದೆ ಮುಂದೆ ಹೋಗುತ್ತಿದ್ದ. ನನಗೆ ಸಂತೋಷಕ್ಕಿಂತ ಕಳವಳವೇ ಹೆಚ್ಚು. ಒಂದು ದೊಡ್ಡ ಬೇರಿನಿಂದ ಅವನು ದಡಬಡ ಇಳಿಯುವುದನ್ನು ನೋಡಿ ನನ್ನೊಳಗಿನ ಫಿಸಿಯೋಥೆರಪಿಸ್ಟ್ ಎಚ್ಚೆತ್ತಳು.

"ಹಂಗಲ್ಲ ಅಣ್ಣ! ಹಿಂದೆ ಬಾ, ತೋರಿಸ್ತೀನಿ. ಮೊದ್ಲು ಮೊಣಕಾಲು ಸಡಿಲ ಬಿಡ್ಬೇಕು. ಆಮೇಲೆ ಪಾದನ ಹಿಂಗೆ ನೇರವಾಗಿ..."

ಪಾದ ನೇರವಾಗಿ ಹೋಗಲಿಲ್ಲ. ಕಣಕಾಲಿನಲ್ಲಿ ಟಕ್ ಎಂದಿತು. ಕಣ್ಣು ಬಿಟ್ಟಾಗ ನಾನು ಕೆಸರಿನಲ್ಲಿ ಕೂತಿದ್ದೆ. ಸುತ್ತ ಎಲ್ಲರೂ "ಸಾರಿ, ಸಾರಿ" ಎನ್ನುತ್ತಿದ್ದರು. ಮೂಳೆಗಳನ್ನು ಒತ್ತಿ ನೋಡಿಕೊಂಡೆ, ಮುರಿದಿರಲಿಲ್ಲ. ಉಳುಕು, ಅದೂ ಭರ್ಜರಿಯಾದದ್ದು. ಒಂದು ಹೆಜ್ಜೆಯೂ ಊರಲಾಗಲಿಲ್ಲ. ಕೊಂಬೆ ಹಿಡಿಯುವ ಪಾದವನ್ನು ಬಿಟ್ಟುಕೊಟ್ಟು ನಡೆಯುವ ಪಾದ ತೆಗೆದುಕೊಂಡ ನಮ್ಮ ಪೂರ್ವಜರ ಲೆಕ್ಕಾಚಾರದ ಬಗ್ಗೆ ಆ ಕ್ಷಣದಲ್ಲಿ ನನಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ.

ಪೇಷನ್ಸ್ ವೈರ್‌ಲೆಸ್‌ನಲ್ಲಿ ಹೆಲಿಕಾಪ್ಟರ್‌ಗೆ ಹೇಳಿದಳು. ಅಣ್ಣ ಮರಗಳ ಸಂದಿನಲ್ಲಿ ಆಕಾಶ ಕಾಣುವ ಜಾಗ ಹುಡುಕಿ, ಬಿಳಿ ಟವೆಲ್ ಬಿಚ್ಚಿ ಬೀಸಲು ಸಿದ್ಧನಾಗಿ ನಿಂತ. ನಾವು ಕಾದೆವು. ಸದ್ದು ಆಕಾಶದಿಂದ ಬರಲಿಲ್ಲ. ದಾರಿಯ ಕಡೆಯಿಂದ ಬಂತು, ನಗು ಮಾತಿನ ಸದ್ದು. ಎಂಟು ಜನ ಗಂಡಸರು, ಅವರ ಹೆಗಲ ಮೇಲೆ ಎರಡು ಉದ್ದನೆಯ ಗಳ, ನಡುವೆ ದಪ್ಪ ಬಟ್ಟೆ ಬಿಗಿದ ಡೋಲಿ.

"ಇದೇ ನಮ್ಮ ಹೆಲಿಕಾಪ್ಟರ್" ಎಂದಳು ಪೇಷನ್ಸ್.

ಅಣ್ಣ ಟವೆಲನ್ನು ಮೆಲ್ಲಗೆ ಹೆಗಲಿಗೆ ಹಾಕಿಕೊಂಡ. "ಇದನ್ ನಂಬ್ಕೊಂಡಾ ನಾನು ಆ ದಿಮ್ಮಿ ದಾಟಿದ್ದು?" ಎಂದು ನನ್ನನ್ನು ಕೇಳಿದ.

ನಾನು ಹತ್ತುವುದಿಲ್ಲ ಎಂದೆ. ನಮ್ಮಲ್ಲಿ ನಾಲ್ಕು ಜನ ಹೊತ್ತುಕೊಂಡು ಹೋಗುವುದು ಒಂದೇ ಸಲ, ಆಮೇಲೆ ಯಾರೂ ವಾಪಸು ಬರುವುದಿಲ್ಲ. ಅಣ್ಣನಿಗೂ ಅದೇ ಯೋಚನೆ ಬಂದಿತ್ತು. "ಕಾಲು ಮುಂದೆ ಮಾಡ್ಬೇಡಿ, ತಲೆ ಮುಂದೆ ಮಾಡಿ" ಎಂದು ಕನ್ನಡದಲ್ಲೂ ಕೈಸನ್ನೆಯಲ್ಲೂ ಎಂಟು ಜನಕ್ಕೂ ಆಜ್ಞೆ ಕೊಟ್ಟ. ಮುಂದೆ ಏರುದಾರಿ, ಅವರು ಹೇಗೂ ಹಾಗೆಯೇ ಹೊರುವವರಿದ್ದರು. ನಾಲ್ವರು ಎತ್ತಿದರು, ನಾಲ್ವರು ಪಕ್ಕದಲ್ಲಿ ಸರದಿಗೆ ಕಾದು ನಡೆದರು.

ಅವರ ಹಳ್ಳಿಗಳಲ್ಲಿ ಪ್ರತಿ ಮನೆಯೂ ಒಂದು ಡೋಲಿ ಗುಂಪಿಗೆ ಸೇರಿರುತ್ತದೆಯಂತೆ. ಬಸುರಿ ಇರಲಿ, ಮುದುಕ ಇರಲಿ, ಕರೆ ಬಂದರೆ ಬೆಟ್ಟ ದಾಟಿಸಿ ಆಸ್ಪತ್ರೆಗೆ ಹೊತ್ತೊಯ್ಯಬೇಕು. ಪೇಷನ್ಸ್ ಪಕ್ಕದಲ್ಲಿ ನಡೆಯುತ್ತ ಇದನ್ನು ಹೇಳಿ, "ಚಿಂಪಾಂಜಿ ಮಗುವನ್ನು ಹೊರುತ್ತದೆ. ದೊಡ್ಡವರು ಬಿದ್ದರೆ ಪಕ್ಕ ಕೂತು ಗಾಯ ನೆಕ್ಕಬಹುದು, ಕಾಯಬಹುದು. ಹೊತ್ತುಕೊಂಡು ಬೆಟ್ಟ ಹತ್ತುವುದು ಅವಕ್ಕೆ ಆಗದು. ಅದಕ್ಕೆ ನಮ್ಮಂಥ ಕಾಲು ಬೇಕು, ಖಾಲಿ ಕೈ ಬೇಕು" ಎಂದಳು. ನಾನು ಕನ್ನಡ ಮಾಡಿದೆ. ಅಣ್ಣ ಹೊರುವವರ ಹೆಗಲುಗಳನ್ನೇ ನೋಡುತ್ತ ನಡೆದ.

ಏರು ಮುಗಿದು ಸಮತಟ್ಟಾದ ದಾರಿ ಬಂದಾಗ ಡೋಲಿ ಒಂದು ಕಡೆಗೆ ಸ್ವಲ್ಪ ಎತ್ತರವಾಯಿತು. ನಾನು ಕತ್ತು ಹೊರಳಿಸಿ ನೋಡಿದೆ. ಎಡಗಡೆಯ ಗಳದ ಕೆಳಗೆ ಅಣ್ಣನ ಹೆಗಲು ಇತ್ತು, ಗಳಕ್ಕೂ ಹೆಗಲಿಗೂ ನಡುವೆ ಮಡಚಿದ ಟವೆಲ್ಲು.

"ಅಣ್ಣ! ಬಿಡು! ಹುಚ್ಚು ಹಿಡಿದಿದ್ಯಾ? ನಿಂದು ಆಪರೇಷನ್ ಆಗಿರೋ ಬೆನ್ನು!"

"ಕಿರುಚ್ಬೇಡ, ಅಳ್ಳಾಡ್ತೀಯ."

"ಸೊಂಟ ತಿರುಗಿಸ್ಬೇಡ! ಉಸಿರು ಹಿಡೀಬೇಡ! ಹೊಟ್ಟೆ ಬಿಗಿ..."

"ಅಮ್ಮಿ," ಎಂದ ಅವನು, ಮುಂದೆ ನೋಡುತ್ತಲೇ, "ಸುಮ್ನೆ ಮಲ್ಕೊ. ನಡಿಯೋರು ನಾವಿದೀವಿ."

ಮಲಗಿಕೊಂಡೆ. ಅವನ ಕುತ್ತಿಗೆಯ ಹಿಂದಿನಿಂದ ಬೆವರು ಧಾರೆಯಾಗಿ ಇಳಿದು ಅಂಗಿ ಬೆನ್ನಿಗೆ ಅಂಟಿತ್ತು. ಅಂಗಿಯ ಕೆಳಗೆ ಬೆಲ್ಟಿನ ಗುರುತು ಕಾಣಲಿಲ್ಲ. ಎಲ್ಲಿ ಬಿಚ್ಚಿ ಬಿಸಾಡಿದ್ದನೋ. ಮುಂದಿನ ತಿರುವಿನಲ್ಲಿ ಸರದಿಯವನೊಬ್ಬ ಅವನ ತೋಳು ಮುಟ್ಟಿ, ಗಳವನ್ನು ನಯವಾಗಿ ತನ್ನ ಹೆಗಲಿಗೆ ತೆಗೆದುಕೊಂಡ. ಹೊತ್ತದ್ದು ಸ್ವಲ್ಪವೇ ದೂರ. ನನ್ನ ಹತ್ತಿರ ಬಂದಾಗ ಅಣ್ಣನ ಮುಖ ಕೆಂಪಾಗಿ ಹೊಳೆಯುತ್ತಿತ್ತು. ಕಬಡ್ಡಿ ಅಂಕಣದಲ್ಲಿ ಎದುರಾಳಿಯನ್ನು ಮುಟ್ಟಿ ವಾಪಸು ಬಂದಾಗ ಚಿಕ್ಕಂದಿನಲ್ಲಿ ನಾನು ನೋಡಿದ್ದ ಮುಖ.

ಮರುದಿನ

ಲಾಡ್ಜಿನ ಜಗುಲಿಯಲ್ಲಿ, ಊದಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದೆ. ಎದ್ದಾಗಲೇ ಅಣ್ಣನ ಹಾಸಿಗೆ ಖಾಲಿ ಇತ್ತು. ತಿಂಡಿ ಬಂತು, ಅಣ್ಣ ಬರಲಿಲ್ಲ. ಮಂಜು ಕರಗಿ ಬಿಸಿಲು ಬಂತು, ಅಣ್ಣ ಬರಲಿಲ್ಲ. ಫೋನ್ ಮಾಡಿದರೆ ಅದು ಅವನ ದಿಂಬಿನ ಕೆಳಗೇ ಬಡಿದುಕೊಂಡಿತು. ನಿನ್ನೆ ಹೊತ್ತ ಭಾರಕ್ಕೆ ಎಲ್ಲಿ ಬಿದ್ದಿದ್ದಾನೋ ಎಂದು ನಾನು ಎಲ್ಲ ದೇವರಿಗೂ ಹರಕೆ ಹೊರುತ್ತಿದ್ದಾಗ, ದೂರದ ಕೆಂಪು ರಸ್ತೆಯಲ್ಲಿ ಕಾಣಿಸಿಕೊಂಡ. ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು, ಕಂಕುಳಲ್ಲಿ ಬಾಳೆಹಣ್ಣಿನ ಚಿಪ್ಪು.

"ಎಲ್ಲಿ ಹೋಗಿದ್ದೆ? ಬೆನ್ನು ಹೆಂಗಿದೆ?"

"ನೋಯ್ತದೆ" ಎಂದ ಖುಷಿಯಾಗಿ. "ಮೈಯೆಲ್ಲ ನೋಯ್ತದೆ. ಒಳ್ಳೆ ನೋವು. ಅಮ್ಮಿ, ಆ ಗುಡ್ಡದ ತುದೀಲಿ ಒಂದು ಕೆರೆ ಐತಂತೆ. ಗುಡ್ಡದ ಬಾಯೊಳಗೇ ನೀರು! ಮೋಸೆಸ್ ಬತ್ತೀನಿ ಅಂದವ್ನೆ. ನಾನ್ ಹೋಗ್ಬರ್ತೀನಿ, ನೀನ್ ಹಣ್ ತಿನ್ಕೊಂಡ್ ಕೂತಿರು."

ನಾನು ಗುಡ್ಡದ ಕಡೆ ನೋಡಿದೆ. ಕಡಿದಾಗಿತ್ತು. ಅವನ ಕಡೆ ನೋಡಿದೆ. ಆಗ ನನ್ನ ಬಾಯಿಂದ, ಹದಿನೆಂಟು ವರ್ಷದ ಕಸುಬಿನಲ್ಲಿ ಯಾವ ಬೆನ್ನಿಗೂ ನಾನು ಹೇಳದಿದ್ದ ಮಾತು ತಾನಾಗಿ ಹೊರಬಿತ್ತು.

"ಅಣ್ಣ, ನಡೆದಿದ್ದು ಸಾಕು. ಸ್ವಲ್ಪ ಕೂತ್ಕೋ."

ಅವನು ಕೂರಲಿಲ್ಲ.